ಹಳೇ ಕಾಲದ ವೇಷಕ್ಕೆ ಯಾವ ಬಣ್ಣ? ಬಟ್ಟೆಗೂ ಮುಖಕ್ಕೂ ಒಂದೇ ಬಣ್ಣ ಬಳಸುತ್ತಿದ್ದರಾ?

ಸೂಜಿದಾರ:

ಎಲ್ಲರಿಗೂ ನಮಸ್ಕಾರ. ಹವ್ಯಾಸಿ ನಾಟಕ ತಂಡವೊಂದಕ್ಕೆ ನಾನು ವೇಷದ ಬಟ್ಟೆ ಹೊಲಿದು ಕೊಡುತ್ತೇನೆ. ಈ ಸಲ ಸ್ವಲ್ಪ ಇಕ್ಕಟ್ಟಿಗೆ ಸಿಕ್ಕಿಕೊಂಡಿದ್ದೇನೆ. ಬೇರೆ ಬೇರೆ ದೇಶದ, ಬೇರೆ ಬೇರೆ ಕಾಲದ ಜನ ಒಂದೇ ರಂಗದ ಮೇಲೆ ಬರುವ ನಾಟಕ ಅದು. ಪಿರಮಿಡ್ಡುಗಳ ಕಾಲದ ಈಜಿಪ್ಟಿನ ಒಬ್ಬ ಲಿಪಿಕಾರ, ರೋಮಿನ ಒಬ್ಬ ಸೆನೆಟರ್, ಸುಮಾರು 1820ರ ಜಪಾನಿನ ಒಬ್ಬ ವ್ಯಾಪಾರಿ, ಅವನ ಹೆಂಡತಿ, ಆಮೇಲೆ 1861ರ ಲಂಡನ್ನಿನಲ್ಲಿ ಕೂಲಿ ಮಾಡುವ ಒಬ್ಬ ಹುಡುಗಿ.

ನಿರ್ದೇಶಕರು "ಹಳೇ ಕಾಲ ಅಂದ್ಮೇಲೆ ಕಂದು, ಬೂದು, ಮಾಸಲು ಬಿಳಿ ಸಾಕು. ಸೆನೆಟರ್‌ಗೆ ಮಾತ್ರ ಪೂರ್ತಿ ನೇರಳೆ ಹಾಕಿ" ಅಂದರು. ಮುಖಕ್ಕೆ ಬಣ್ಣ ಹಚ್ಚುವವರು ಬೇರೆ ಇದ್ದಾರೆ. ಅವರು "ಗಂಡಸರಿಗೆ ಏನೂ ಬೇಡ, ಹೆಂಗಸರಿಗೆ ತುಟಿಗೆ ಒಂದಿಷ್ಟು ಕೆಂಪು" ಅಂತ ಮುಗಿಸಿಬಿಟ್ಟರು. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಆಗಿನ ಜನ ನಿಜಕ್ಕೂ ಯಾವ ಬಣ್ಣ ತೊಡುತ್ತಿದ್ದರು? ಬಟ್ಟೆಗೆ ಹಾಕುವ ಬಣ್ಣವನ್ನೇ ಮುಖಕ್ಕೂ ಹಚ್ಚುತ್ತಿದ್ದರಾ, ಇಲ್ಲಾ ಅದು ಬೇರೆಯದೇ ಕಸುಬಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ನೀಲಿಕೈ:

ಮೊದಲು ಆ ಮಾಸಲು ಕಂದನ್ನು ದಯವಿಟ್ಟು ಕೈಬಿಡಿ. ಗಿಡ, ಬೇರು, ಹುಳದ ಬಣ್ಣದಲ್ಲಿ ನೂಲು ಅದ್ದುವುದೇ ನನ್ನ ಕೆಲಸ. ಆ ಬಣ್ಣಗಳೆಲ್ಲ ಮಂಕು ಅನ್ನುವ ಮಾತು ಕೇಳಿದಾಗಲೆಲ್ಲ ಬೇಜಾರಾಗುತ್ತದೆ. ಮ್ಯೂಸಿಯಮ್ಮಿನಲ್ಲಿ ನಾವು ನೋಡುವುದು ಬೆಳಕಿಗೆ ಬಿದ್ದು ಬಿದ್ದು ಬಿಳಿಚಿಕೊಂಡ ಬಟ್ಟೆ. ಬೆಳಕು ಕಾಣದೆ ಉಳಿದಿದ್ದನ್ನು ನೋಡಬೇಕು. ಪೆರು ದೇಶದ ಪರಾಕಾಸ್ ಮರುಭೂಮಿಯ ಗೋರಿಗಳಲ್ಲಿ ಸುಮಾರು 2,000 ವರ್ಷ ಹಳೆಯ ಹೊದಿಕೆಗಳು ಸಿಕ್ಕಿವೆ. ಅವುಗಳ ಕೆಂಪು, ನೀಲಿ, ಹಳದಿ ಇವತ್ತಿಗೂ ಕಣ್ಣು ಸೆಳೆಯುತ್ತವೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಕಸುಬು ಬೇರೆ ಇದ್ದಿರಬಹುದು, ಸರಕು ಮಾತ್ರ ಬಹಳ ಕಡೆ ಒಂದೇ. ಬಟ್ಟೆಯ ಬಣ್ಣವನ್ನೂ ಮುಖದ ಬಣ್ಣವನ್ನೂ ಬೇರೆ ಬೇರೆ ಮಾಡಿ ಓದಿದರೆ ಎರಡೂ ಅರ್ಧಂಬರ್ಧ ಅರ್ಥವಾಗುತ್ತವೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ನಿಮ್ಮ ವ್ಯಾಪಾರಿಯ ಹೆಂಡತಿಯನ್ನೇ ತೆಗೆದುಕೊಳ್ಳಿ.

ಅವಳ ತುಟಿಯ ಕೆಂಪು ಕುಸುಬೆ ಹೂವಿನದು. ರೇಷ್ಮೆಗೆ ಕೆಂಪು ಹಾಕುತ್ತಿದ್ದದ್ದೂ ಅದೇ ಹೂವಿನಿಂದ. ಎಸಳು ನೋಡಿದರೆ ಹಳದಿ, ಕಿತ್ತಳೆ. ನೀರಿಗೆ ಹಾಕಿ ಹಿಂಡಿದರೆ ಮೊದಲು ಬರುವುದು ಬರೀ ಹಳದಿ. ಆ ನೀರು ಚೆಲ್ಲಬೇಕು, ಹೊಸ ನೀರು ಹಾಕಬೇಕು, ಮತ್ತೆ ಹಿಂಡಬೇಕು. ಹಳದಿಯೆಲ್ಲ ಹೋದ ಮೇಲೆ ಬೂದಿಯ ತಿಳಿನೀರಲ್ಲಿ ನೆನೆಸಬೇಕು. ಆಗಲೇ ಒಳಗೆ ಅಡಗಿದ್ದ ಕೆಂಪು ಬಿಟ್ಟುಕೊಳ್ಳುವುದು. ಆಗಲೂ ನೀರು ಕೆಂಪಗೆ ಕಾಣುವುದಿಲ್ಲ, ಕಂದು ಬಣ್ಣಕ್ಕೆ ತಿರುಗಿ ಕೊಳಕಾಗಿ ಕಾಣುತ್ತದೆ. ಅದಕ್ಕೆ ಹುಳಿ ಬಿದ್ದ ತಕ್ಷಣ ಬುಸ್ಸಂತ ನೊರೆ ಏಳುತ್ತದೆ, ಪಾತ್ರೆಗೆ ಪಾತ್ರೆಯೇ ಕೆಂಪಾಗುತ್ತದೆ. ಎಷ್ಟು ಸಲ ಮಾಡಿದರೂ ಆ ಗಳಿಗೆಗೆ ನಾನು ಉಸಿರು ಹಿಡಿದು ಕಾಯುತ್ತೇನೆ. ಇಷ್ಟು ಮಾಡಿದರೂ ಎಸಳಿನ ತೂಕದಲ್ಲಿ ನೂರಕ್ಕೆ ಒಂದು ಪಾಲಿನಷ್ಟೂ ಕೆಂಪು ಸಿಗುವುದಿಲ್ಲ.

ಆ ಕೆಂಪನ್ನು ಗಟ್ಟಿ ಮಾಡಿ, ಪಿಂಗಾಣಿ ಬಟ್ಟಲಿನ ಒಳಮೈಗೆ ಬಳಿದು ಒಣಗಿಸಿ ಮಾರುತ್ತಿದ್ದರು. ಒಣಗಿದಾಗ ಅದು ಕೆಂಪಲ್ಲ! ಜೀರುಂಡೆಯ ಬೆನ್ನಿನ ಹಾಗೆ ಹೊಳೆಯುವ ಹಸಿರು. ಒದ್ದೆ ಕುಂಚ ತಾಗಿದರೆ ಮತ್ತೆ ಕೆಂಪು. 1820ರ ಹೊತ್ತಿಗೆ ಕೆಳತುಟಿಗೆ ಇದನ್ನು ದಪ್ಪಗೆ ಬಳಿದು ಹಸಿರು ಹೊಳಪು ಬರಿಸುವುದು ಅಲ್ಲಿಯ ದೊಡ್ಡ ಫ್ಯಾಶನ್. ಬಣ್ಣ ವಿಪರೀತ ದುಬಾರಿ. ಹಾಗಾಗಿ ಕೈಯಲ್ಲಿ ಕಾಸಿಲ್ಲದ ಹೆಂಗಸರು ಮೊದಲು ಬರೆಯುವ ಮಸಿ ಹಚ್ಚಿ, ಅದರ ಮೇಲೆ ತೆಳ್ಳಗೆ ಕೆಂಪು ಎಳೆದು ಅದೇ ಹೊಳಪು ತರುತ್ತಿದ್ದರು. ಈ ಜಾಣತನ ಓದಿದಾಗ ಆ ಹೆಂಗಸರ ಮೇಲೆ ನನಗೆ ತುಂಬಾ ಪ್ರೀತಿ ಬಂತು. ನಿಮ್ಮ ಪಾತ್ರಕ್ಕೂ ಕೆಳತುಟಿಯಲ್ಲಿ ಹಸಿರು ಮಿನುಗು ಇರಲಿ. ಮದುವೆಯಾದವಳಾದ್ದರಿಂದ ಹಲ್ಲು ಕಪ್ಪಾಗಿರುತ್ತದೆ. ಮಕ್ಕಳಾಗಿದ್ದರೆ ಹುಬ್ಬನ್ನೂ ಬೋಳಿಸಿರುತ್ತಾಳೆ.

ಅವಳ ಗಂಡನಿಗೆ ಮಾತ್ರ ನಿಮ್ಮ ನಿರ್ದೇಶಕರ ಕಂದು, ಬೂದು ಸರಿಹೊಂದುತ್ತದೆ. ಅದಕ್ಕೆ ಕಾರಣ ಬಡತನ ಅಲ್ಲ. ವ್ಯಾಪಾರಿಗಳು ಆಡಂಬರ ಮಾಡಬಾರದು ಅಂತ ಅಲ್ಲಿಯ ಸರ್ಕಾರ ಮತ್ತೆ ಮತ್ತೆ ಆಜ್ಞೆ ಹೊರಡಿಸುತ್ತಿತ್ತು. ಆ ಜನ ಏನು ಮಾಡಿದರು ಗೊತ್ತಾ? ಕಂದು ಮತ್ತು ಬೂದಿನೊಳಗೇ ಒಂದು ಲೋಕ ಕಟ್ಟಿದರು. "ನಲವತ್ತೆಂಟು ಕಂದು, ನೂರು ಬೂದು" ಅನ್ನುವ ಮಾತೇ ಹುಟ್ಟಿತು. ಕಬುಕಿ ಅನ್ನುವ ಅಲ್ಲಿಯ ಸಾಂಪ್ರದಾಯಿಕ ನಾಟಕದ ನಟ ಎರಡನೇ ಸೆಗಾವಾ ಕಿಕುನೊಜೊನ ಹೆಸರಲ್ಲೇ ಒಂದು ಕಂದು ಬಣ್ಣ ಇತ್ತು. ಮೇಲಂಗಿ ಹೊರಗಿನಿಂದ ಸಾದಾ, ಒಳಗಿನ ಅಸ್ತರು ಭರ್ಜರಿ. ಅವನು ಕೂತಾಗ, ತೋಳು ಎತ್ತಿದಾಗ ಅಸ್ತರು ಒಂದಿಷ್ಟು ಇಣುಕುವ ಹಾಗೆ ಹೊಲಿಯಿರಿ. ಅಷ್ಟರಲ್ಲೇ ಅವನ ಶ್ರೀಮಂತಿಕೆ ಗೊತ್ತಾಗುತ್ತದೆ.

ಸೆನೆಟರ್‌ಗೆ ಪೂರ್ತಿ ನೇರಳೆ ಬೇಡವೇ ಬೇಡ. ಅದು ವಿಜಯೋತ್ಸವದ ಸೇನಾಪತಿಗೆ, ಆಮೇಲೆ ಚಕ್ರವರ್ತಿಗೆ. ಸೆನೆಟರ್‌ಗೆ ಬಿಳಿ ಒಳಂಗಿಯ ಮೇಲೆ ಕತ್ತಿನಿಂದ ಕೆಳಗಿನವರೆಗೆ ಅಗಲವಾದ ನೇರಳೆ ಪಟ್ಟಿ. ಅದರ ಬೆಲೆ ಯಾಕೆ ಅಷ್ಟು ಅಂದರೆ, ಆ ಬಣ್ಣ ಬರುತ್ತಿದ್ದದ್ದು ಮ್ಯೂರೆಕ್ಸ್ ಅನ್ನುವ ಕಡಲ ಬಸವನಹುಳುವಿನ ಒಂದು ಪುಟ್ಟ ಗ್ರಂಥಿಯಿಂದ. 1909ರಲ್ಲಿ ಪಾಲ್ ಫ್ರೀಡ್‌ಲೆಂಡರ್ ಅನ್ನುವ ರಸಾಯನ ವಿಜ್ಞಾನಿ 12,000 ಹುಳು ಒಡೆದು ತೆಗೆದ ಬಣ್ಣ ಬರೀ 1.4 ಗ್ರಾಂ. ಚಕ್ರವರ್ತಿ ಡಯೊಕ್ಲೀಷಿಯನ್ 301ರಲ್ಲಿ ಹೊರಡಿಸಿದ ದರಪಟ್ಟಿಯಲ್ಲಿ ನೇರಳೆ ಹಾಕಿದ ಒಂದು ಪೌಂಡ್ ರೇಷ್ಮೆಗೆ 1,50,000 ಡಿನೇರಿಯಸ್ ನಾಣ್ಯ. ಅದೇ ಪಟ್ಟಿಯಲ್ಲಿ ಹೊಲದ ಆಳಿಗೆ ಊಟದ ಜೊತೆ ದಿನಕ್ಕೆ 25. ಲೆಕ್ಕ ಹಾಕಿದರೆ 6,000 ದಿನದ ಕೂಲಿ.

ಅಷ್ಟು ದುಡ್ಡಿಲ್ಲದವರಿಗೆ ಕಡಲ ಬಂಡೆಯ ಕಲ್ಲುಹೂವಿನಿಂದ ತೆಗೆದ ಅಗ್ಗದ ನೇರಳೆ ಇತ್ತು. ಆ ಕಾಲದ ಹೆಂಗಸರು ಕೆನ್ನೆಗೆ ಹಚ್ಚುತ್ತಿದ್ದ ಬಣ್ಣಗಳಲ್ಲಿ ಅದೂ ಒಂದು. ನೋಡಿ, ಇಲ್ಲೂ ಬಟ್ಟೆಯ ಸರಕೇ ಮುಖಕ್ಕೆ ಬಂತು.

ಲಿಪಿಕಾರನಿಗೆ ಅಚ್ಚ ಬಿಳಿ ಹಾಕಿ, ಮಾಸಲು ಬಿಳಿ ಅಲ್ಲ. ಅಗಸೆ ನಾರಿನ ಬಟ್ಟೆ ಸುಲಭಕ್ಕೆ ಬಣ್ಣ ಹಿಡಿಯುವುದಿಲ್ಲ. ಒಗೆದು ಬಿಸಿಲಿಗೆ ಹಾಕಿ ಬೆಳ್ಳಗೆ ಮಾಡುವುದೇ ಅಲ್ಲಿ ಅಂತಸ್ತು. ಬಣ್ಣವೆಲ್ಲ ಅವನ ಕಣ್ಣಿನ ಸುತ್ತ ಇರಲಿ. ಕಪ್ಪು ಕಾಡಿಗೆ, ಜೊತೆಗೆ ಮಾಲಕೈಟ್ ಕಲ್ಲು ಅರೆದ ಹಸಿರು. ಈಜಿಪ್ಟಿನಲ್ಲಿ ಗಂಡಸರೂ ಹೆಂಗಸರೂ ಇಬ್ಬರೂ ಹಚ್ಚುತ್ತಿದ್ದರು. "ಗಂಡಸರಿಗೆ ಏನೂ ಬೇಡ" ಅನ್ನುವುದನ್ನು ಇಲ್ಲಂತೂ ಒಪ್ಪಬೇಡಿ.

ಪ್ರಯೋಗಶಾಲೆ:

ನೀಲಿಕೈ ಮೇಡಂ ಹಲ್ಲಿನ ಕಪ್ಪಿನ ಪ್ರಸ್ತಾಪ ಮಾಡಿದ್ದಾರೆ. ಕೆಮಿಸ್ಟ್ರಿ ಪಾಠ ಮಾಡುವವನು ನಾನು, ಅದನ್ನು ಹೇಳದೆ ಇರಲಾರೆ.

ಕಬ್ಬಿಣದ ಚೂರನ್ನು ವಿನೆಗರ್‌ನಂಥ ಹುಳಿಯಲ್ಲಿ ನೆನೆಹಾಕಿ ಇಡುತ್ತಿದ್ದರು. ಮರದ ಮೇಲೆ ಕೀಟಗಳಿಂದ ಏಳುವ ಗಂಟು ಇರುತ್ತದಲ್ಲ, ನಮ್ಮ ಮಾಚಿಕಾಯಿಯಂಥದ್ದು, ಅದರ ಪುಡಿಯನ್ನು ಆ ಹುಳಿನೀರಿನ ಜೊತೆ ಹಲ್ಲಿಗೆ ಹಚ್ಚುತ್ತಿದ್ದರು. ಪುಡಿಯಲ್ಲಿರುವ ಟ್ಯಾನಿನ್ ಅನ್ನುವ ಒಗರಿನ ಅಂಶ ಕಬ್ಬಿಣದ ಜೊತೆ ಸೇರಿದರೆ ಗಾಢ ಕಪ್ಪು. ಯುರೋಪಿನಲ್ಲಿ ಬರೆಯುವ ಶಾಯಿ ಮಾಡಿದ್ದೂ, ಬಟ್ಟೆಗೆ ಕಪ್ಪು ಹಾಕಿದ್ದೂ ಇದೇ ಜೋಡಿಯಿಂದ. ಬಟ್ಟೆಯಲ್ಲಿ ಕಬ್ಬಿಣ ಜಾಸ್ತಿಯಾದರೆ ಎಳೆಯನ್ನೇ ತಿಂದುಬಿಡುತ್ತದೆ, ಹಳೆಯ ಕಪ್ಪು ಬಟ್ಟೆ ಮುಟ್ಟಿದರೆ ಪುಡಿಯಾಗುವುದು ಅದಕ್ಕೇ. ಜಪಾನಿನ ಸರ್ಕಾರ 1870ರಲ್ಲಿ ಶ್ರೀಮಂತ ಮನೆತನಗಳಿಗೆ ಈ ಪದ್ಧತಿ ನಿಷೇಧಿಸಿತು. 1873ರಲ್ಲಿ ಮಹಾರಾಣಿಯೇ ಬಿಳಿ ಹಲ್ಲಿನಲ್ಲಿ ಕಾಣಿಸಿಕೊಂಡರು.

ಈಜಿಪ್ಟಿನ ಕಾಡಿಗೆಯ ಬಗ್ಗೆ ಒಂದು ಮಾತು. ಅದರ ಕಪ್ಪು ಮುಖ್ಯವಾಗಿ ಗೆಲೀನಾ, ಅಂದರೆ ಸೀಸದ ಸಲ್ಫೈಡ್. ಲೂವ್ರ್ ಮ್ಯೂಸಿಯಮ್ಮಿನಲ್ಲಿರುವ ಹಳೆಯ ಡಬ್ಬಿಗಳಲ್ಲಿ ಉಳಿದಿದ್ದ ಪುಡಿ ಪರೀಕ್ಷಿಸಿದಾಗ, ಸಹಜವಾಗಿ ಅಷ್ಟು ಸುಲಭಕ್ಕೆ ಸಿಗದ ಸೀಸದ ಲವಣಗಳು ಕಂಡವು. ಬೇಕು ಅಂತಲೇ ತಯಾರಿಸಿದ್ದು ಅವು. ಅತಿ ಸಣ್ಣ ಪ್ರಮಾಣದಲ್ಲಿ ಅವು ಚರ್ಮದ ಜೀವಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತವೆ, ಅದು ಸೋಂಕಿನ ವಿರುದ್ಧ ದೇಹವನ್ನು ಎಬ್ಬಿಸುತ್ತದೆ ಅಂತ 2010ರಲ್ಲಿ ಫ್ರೆಂಚ್ ವಿಜ್ಞಾನಿಗಳು ತೋರಿಸಿದರು. ಹಾಗಂತ ಸೀಸ ಒಳ್ಳೆಯದು ಅಂತ ಯಾರೂ ತಿಳಿಯಬಾರದು. ಮುಖಕ್ಕೆ ಹಚ್ಚುತ್ತಿದ್ದ ಸೀಸದ ಬಿಳಿ ಎಷ್ಟೋ ಜನರನ್ನು ತಿಂದಿದೆ. ಇಂಗ್ಲೆಂಡಿನ ಕೌಂಟೆಸ್ ಮರಿಯಾ ಕವೆಂಟ್ರಿ 1760ರಲ್ಲಿ 27ನೇ ವಯಸ್ಸಿಗೇ ತೀರಿಕೊಂಡಾಗ ಜನ ಅದನ್ನೇ ದೂರಿದರು. ಜಪಾನಿನಲ್ಲಿ 1887ರಲ್ಲಿ ಚಕ್ರವರ್ತಿಯ ಮುಂದೆ ಆಡುತ್ತಿದ್ದ ಕಬುಕಿ ನಟನೊಬ್ಬನ ಕಾಲು ನಡುಗಲು ಶುರುವಾಯಿತು. ವರ್ಷಗಟ್ಟಲೆ ಮುಖಕ್ಕೆ, ಕತ್ತಿಗೆ ಹಚ್ಚಿದ ಸೀಸದ ಬಿಳಿ ಅದಕ್ಕೆ ಕಾರಣ. ನಿಮ್ಮ ಮೇಕಪ್‌ನವರು "ಅಸಲಿ ಹಳೇ ಪದ್ಧತಿ" ಅಂತ ಏನಾದರೂ ತಂದರೆ ಡಬ್ಬಿಯ ಮೇಲೆ ಏನು ಬರೆದಿದೆ ಅಂತ ಓದದೆ ಯಾರ ಮುಖಕ್ಕೂ ಹಚ್ಚಲು ಬಿಡಬೇಡಿ.

ಮೂರನೇ ಸಾಲು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಈಗಿನ ಲಿಪ್‌ಸ್ಟಿಕ್‌ನಲ್ಲೂ ಹುಳದ ಬಣ್ಣ ಇರುತ್ತದೆ ಅಂತ ಎಲ್ಲೋ ಓದಿದ್ದೆ. ನಿಜವಾ? ಇನ್ನೊಂದು, ಈಜಿಪ್ಟ್ ಬಿಟ್ಟರೆ ಬೇರೆ ಎಲ್ಲಾದರೂ ಗಂಡಸರು ಬಣ್ಣ ಹಚ್ಚುತ್ತಿದ್ದರಾ?

ನೀಲಿಕೈ:

ನಿಜ. ಎಲ್ಲ ಲಿಪ್‌ಸ್ಟಿಕ್‌ನಲ್ಲಿ ಅಲ್ಲ, ಕಾರ್ಮೈನ್ ಅಥವಾ ಇ120 ಅಂತ ಬರೆದಿದ್ದರೆ ಅದರಲ್ಲಿ ಇದೆ. ಕಾಚಿನೀಲ್ ಹುಳ ಅದು. ಪಾಪಾಸುಕಳ್ಳಿಯ ಮೇಲೆ ಬಿಳಿ ಹಿಟ್ಟು ಮೆತ್ತಿಕೊಂಡು ಕೂತಿರುತ್ತದೆ. ಬೆರಳಲ್ಲಿ ಹೊಸಕಿದರೆ ರಕ್ತದಂಥ ಕೆಂಪು. ಒಂದು ಪೌಂಡ್ ಒಣ ಬಣ್ಣಕ್ಕೆ ಸುಮಾರು 70,000 ಹುಳ ಬೇಕು. ಮೆಕ್ಸಿಕೊದ ಓಹಾಕಾ ಕಡೆಯ ಜನ ಸ್ಪೇನಿನವರು ಬರುವ ಎಷ್ಟೋ ಮೊದಲೇ ಇದನ್ನು ಸಾಕುತ್ತಿದ್ದರು. ಸ್ಪೇನ್ ಇದರ ಗುಟ್ಟು ಬಿಟ್ಟುಕೊಡಲಿಲ್ಲ. ಒಣಗಿದ ಹುಳ ನೋಡಿ ಇದು ಬೀಜವೋ ಜೀವಿಯೋ ಅಂತ ಯುರೋಪಿನವರು ಬಹಳ ಕಾಲ ಜಗಳವಾಡಿದರು. 1777ರಲ್ಲಿ ಥಿಯೆರಿ ದ ಮೆನೊನ್‌ವಿಲ್ ಅನ್ನುವ ಫ್ರೆಂಚ್ ಸಸ್ಯವಿಜ್ಞಾನಿ ಓಹಾಕಾದಿಂದ ಹುಳ ಸಮೇತ ಕಳ್ಳಿಯನ್ನು ಕದ್ದು ಸಾಗಿಸಿದ. ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿಗಳ ಕೆಂಪು ಕೋಟಿಗೆ ಈ ಹುಳದ ಬಣ್ಣ, ಸಾಮಾನ್ಯ ಸಿಪಾಯಿಯ ಕೋಟಿಗೆ ಮ್ಯಾಡರ್ ಬೇರಿನ ಬಣ್ಣ. ಮ್ಯಾಡರ್ ಅಂದರೆ ನಮ್ಮ ಮಂಜಿಷ್ಠದ ಸಂಬಂಧಿ. ಇಬ್ಬರೂ ಕೆಂಪೇ, ಆದರೆ ಪಕ್ಕಪಕ್ಕ ನಿಂತರೆ ಯಾರು ಯಾರು ಅಂತ ತಿಳಿಯುತ್ತಿತ್ತು.

ಗಂಡಸರ ವಿಷಯಕ್ಕೆ ಬಂದರೆ, ನೈಜರ್ ದೇಶದ ವೊಡಾಬೆ ಜನರಲ್ಲಿ ಗೆರೆವೊಲ್ ಅನ್ನುವ ಕೂಟ ನಡೆಯುತ್ತದೆ. ಅಲ್ಲಿ ಮುಖಕ್ಕೆ ಹಳದಿ ಅಥವಾ ಕೆಂಪು ಮಣ್ಣು ಬಳಿದು, ತುಟಿ ಮತ್ತು ಕಣ್ಣಿಗೆ ಕಪ್ಪು ತೀಡಿಕೊಂಡು ಸಾಲಾಗಿ ನಿಂತು ಕುಣಿಯುವವರು ಗಂಡಸರು. ಯಾರು ಚೆಲುವ ಅಂತ ತೀರ್ಮಾನ ಮಾಡುವವರು ಹೆಂಗಸರು. 18ನೇ ಶತಮಾನದ ಫ್ರೆಂಚ್ ಆಸ್ಥಾನದಲ್ಲೂ ಗಂಡಸರು ಕೆನ್ನೆಗೆ ಕೆಂಪು, ಕೂದಲಿಗೆ ಬಿಳಿ ಪುಡಿ ಹಾಕಿಕೊಂಡೇ ಓಡಾಡುತ್ತಿದ್ದರು.

ನನಗೆ ಎಲ್ಲಕ್ಕಿಂತ ಇಷ್ಟ ಸಹಾರಾದ ಟುವಾರೆಗ್ ಜನರ ಕಥೆ. ಅವರ ಗಂಡಸರು ಮುಖ ಮುಚ್ಚುವ ಹಾಗೆ ಸುತ್ತಿಕೊಳ್ಳುವ ಉದ್ದನೆಯ ಬಟ್ಟೆಯನ್ನು ನೈಜೀರಿಯಾದ ಕಾನೊ ಕಡೆ ಗಾಢ ನೀಲಿಯಲ್ಲಿ ಅದ್ದಿ, ಮೇಲೆ ನೀಲಿ ಪುಡಿ ಹಾಕಿ ಕೊಡತಿಯಲ್ಲಿ ಬಡಿಯುತ್ತಾರೆ. ಬಟ್ಟೆ ಲೋಹದ ಹಾಗೆ ಮಿರುಗುತ್ತದೆ. ತೊಟ್ಟವರ ಕೆನ್ನೆ, ಗದ್ದಕ್ಕೆಲ್ಲ ಆ ನೀಲಿ ಮೆತ್ತಿಕೊಳ್ಳುತ್ತದೆ. ಅವರು ಅದನ್ನು ಕಲೆ ಅಂದುಕೊಳ್ಳುವುದಿಲ್ಲ, ಅದೇ ಅಂದ, ಅದೇ ಸಿರಿವಂತಿಕೆಯ ಗುರುತು. ಬಟ್ಟೆಯೇ ಮುಖಕ್ಕೆ ಬಣ್ಣ ಹಚ್ಚುತ್ತದೆ. ನೀಲಿ ತೊಟ್ಟಿಯಲ್ಲಿ ಕೈ ಅದ್ದಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ತೊಟ್ಟಿಯಿಂದ ಎತ್ತಿದಾಗ ನೂಲು ಹಳದಿ-ಹಸಿರಾಗಿರುತ್ತದೆ, ಗಾಳಿ ತಾಗಿದಂತೆಲ್ಲ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ನನ್ನ ಉಗುರೂ ಅದರ ಜೊತೆಗೇ ತಿರುಗಿರುತ್ತದೆ.

ಸೂಜಿದಾರ:

ಅಕ್ಕಾ, ಸರ್, ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆಯೇ. ನಿರ್ದೇಶಕರಿಗೆ ಇದನ್ನೆಲ್ಲ ಓದಿ ಹೇಳಿದೆ. ವ್ಯಾಪಾರಿಯ ಅಸ್ತರಿನ ವಿಷಯಕ್ಕೆ ಅವರು ತಕ್ಷಣ ಒಪ್ಪಿದರು. ಇನ್ನು ಎರಡು ಉಳಿದವು. ಲಂಡನ್ನಿನ ಹುಡುಗಿ ನಾಟಕದಲ್ಲಿ ಬಟ್ಟೆಯ ಹೂವು ಮಾಡುವ ಕಾರ್ಖಾನೆಯವಳು. ಅವಳಿಗೆ ಯಾವ ಬಣ್ಣ? ಸೆನೆಟರ್‌ನ ಪಟ್ಟಿಗೆ ಸರಿಯಾದ ನೇರಳೆ ಯಾವುದು? ನನ್ನ ಹತ್ತಿರ ಇರುವುದು ಬದನೆಕಾಯಿ ಬಣ್ಣದ ಬಟ್ಟೆ.

ನೀಲಿಕೈ:

ಹೂವು ಮಾಡುವವಳು ಅಂದಿರಾ? ಹಾಗಾದರೆ ಅವಳು ನಿಮ್ಮ ನಾಟಕದ ಮುಖ್ಯ ಪಾತ್ರ ಅಂತ ನನ್ನ ಮಟ್ಟಿಗೆ. ಅವಳ ಬಣ್ಣ ಹಸಿರು. ಅದು ಅವಳ ಅಂಗಿಯಲ್ಲಿ ಇರಬಾರದು, ಅವಳ ಮೈಮೇಲೆ ಇರಬೇಕು.

ಆ ಕಾಲದ ಹೊಳೆಯುವ ಹಸಿರು ತಾಮ್ರ ಮತ್ತು ಆರ್ಸೆನಿಕ್ ಸೇರಿಸಿ ಮಾಡಿದ್ದು. 1775ರಲ್ಲಿ ಶೀಲೆ ಅನ್ನುವ ಸ್ವೀಡನ್ನಿನ ವಿಜ್ಞಾನಿ ಒಂದು ಬಗೆ ಮಾಡಿದ, 1814ರ ಹೊತ್ತಿಗೆ ಜರ್ಮನಿಯಲ್ಲಿ ಇನ್ನೂ ಗಾಢವಾದದ್ದು ಬಂತು. ಗ್ಯಾಸ್ ದೀಪದ ಬೆಳಕಲ್ಲೂ ಮಂಕಾಗದ ಹಸಿರು. ಹಾಗಾಗಿ ನೃತ್ಯಕೂಟಕ್ಕೆ ಹೋಗುವ ಹೆಂಗಸರು ತಲೆಗೆ ಮುಡಿಯುವ ಹೂಮಾಲೆಯ ಎಲೆಗಳಿಗೆಲ್ಲ ಅದನ್ನೇ ಹಾಕುತ್ತಿದ್ದರು. ಮಟಿಲ್ಡಾ ಶ್ಯೂರರ್ ಅನ್ನುವ 19 ವರ್ಷದ ಹುಡುಗಿ ಲಂಡನ್ನಿನಲ್ಲಿ ಆ ಎಲೆಗಳ ಮೇಲೆ ಪುಡಿ ಉದುರಿಸುವ ಕೆಲಸ ಮಾಡುತ್ತಿದ್ದಳು. ಉಸಿರಾಡಿದರೂ ಅದೇ ಪುಡಿ, ಊಟಕ್ಕೆ ಕೂತರೆ ಕೈಯಲ್ಲೂ ಅದೇ ಪುಡಿ. 1861ರ ನವೆಂಬರಿನಲ್ಲಿ ಅವಳು ಸತ್ತಳು. ಅವಳ ಕಣ್ಣಿನ ಬಿಳಿ ಹಸಿರಾಗಿತ್ತು. ನೋಡಿದ್ದೆಲ್ಲ ಹಸಿರಾಗಿ ಕಾಣುತ್ತಿದೆ ಅಂತ ಡಾಕ್ಟರ ಹತ್ತಿರ ಹೇಳಿದ್ದಳು. ಮರುವರ್ಷ ಹಾಫ್‌ಮನ್ ಅನ್ನುವ ರಸಾಯನ ವಿಜ್ಞಾನಿ ಇಂಥ ಹೂಮುಡಿಗಳನ್ನು ಪರೀಕ್ಷಿಸಿ, ಒಂದರಲ್ಲೇ 20 ಜನರನ್ನು ಕೊಲ್ಲುವಷ್ಟು ವಿಷ ಇದೆ ಅಂತ ಪತ್ರಿಕೆಯಲ್ಲಿ ಬರೆದ.

ಬಣ್ಣದ ಚರಿತ್ರೆ ಹೇಳುವವರು ರಾಣಿ ಏನು ಉಟ್ಟಳು ಅಂತ ಮಾತ್ರ ಹೇಳುತ್ತಾರೆ. ನನಗೆ ಅದರಿಂದ ಸಿಟ್ಟು ಬರುತ್ತದೆ. ಬಸವನಹುಳು ಒಡೆದವರು, ಕಳ್ಳಿಯಿಂದ ಹುಳ ಕೆರೆದವರು, ಈ ಹುಡುಗಿ, ಇವರೆಲ್ಲರ ಮೈಮೇಲೂ ಬಣ್ಣ ಇತ್ತು. ಯಾರೂ ಅದನ್ನು ಅಲಂಕಾರ ಅನ್ನಲಿಲ್ಲ, ಅಷ್ಟೇ.

ಹಾಗಾಗಿ ಅವಳಿಗೆ ಒಗೆದು ಒಗೆದು ತೆಳುವಾದ ಹತ್ತಿ ಬಟ್ಟೆಯ ಅಂಗಿ, ಮೇಲೊಂದು ಒರಟು ಏಪ್ರನ್ ಹಾಕಿ. ಉಗುರಿನ ಸಂದಿ, ಬೆರಳ ತುದಿ, ಮೂಗಿನ ಹೊಳ್ಳೆಯ ಸುತ್ತ ಹಸಿರು ಪುಡಿ ಇರಲಿ, ಬೆರಳಲ್ಲಿ ಒಂದೆರಡು ಹುಣ್ಣು. ಬಾಯಿಗೆ ಕಟ್ಟಿಕೊಂಡ ಕರ್ಚೀಫೂ ಹಸಿರು. ಆಸೆಪಟ್ಟು ಕೊಂಡ ಒಂದು ಮಾವ್ ಬಣ್ಣದ ರಿಬ್ಬನ್ ಕತ್ತಿಗೆ ಕಟ್ಟಬಹುದು. ಆ ತಿಳಿ ನೇರಳೆಯನ್ನು 1856ರಲ್ಲಿ ವಿಲಿಯಂ ಪರ್ಕಿನ್ ಅನ್ನುವ 18 ವರ್ಷದ ಹುಡುಗ ಮಲೇರಿಯಾದ ಔಷಧಿ ಕ್ವಿನೈನ್ ಮಾಡಲು ಹೋಗಿ ಕಲ್ಲಿದ್ದಲ ಡಾಂಬರಿನ ಸರಕಿನಿಂದ ಕಂಡುಹಿಡಿದಿದ್ದ. 1858ರಲ್ಲಿ ವಿಕ್ಟೋರಿಯಾ ರಾಣಿ ಮಗಳ ಮದುವೆಗೆ ಅದೇ ಬಣ್ಣ ಉಟ್ಟಳು, ಆಮೇಲೆ ಊರಿಗೆ ಊರೇ ಅದರ ಹಿಂದೆ ಬಿತ್ತು. ಡಯೊಕ್ಲೀಷಿಯನ್ ಕಾಲದ ಆಳಿಗೆ ಕನಸಲ್ಲೂ ಸಿಗದಿದ್ದ ಬಣ್ಣದ ಒಂದು ತುಂಡು ಈ ಕೂಲಿ ಹುಡುಗಿಗೆ ಸಿಕ್ಕಿದ್ದು ಹೀಗೆ.

ಇನ್ನು ಸೆನೆಟರ್‌ನ ಪಟ್ಟಿ. ಬದನೆಕಾಯಿ ಬಣ್ಣ ಬೇಡ, ಅದರಲ್ಲಿ ನೀಲಿ ಜಾಸ್ತಿ. ರೋಮಿನ ಬರಹಗಾರ ಪ್ಲೀನಿ ಬರೆದಿರುವ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ನೇರಳೆ ಹೆಪ್ಪುಗಟ್ಟಿದ ರಕ್ತದ ಬಣ್ಣದ್ದು. ನೇರ ನೋಡಿದರೆ ಕಪ್ಪು, ಬೆಳಕಿಗೆ ಹಿಡಿದರೆ ಹೊಳಪು. ಆಗಿನವರೂ ಇದನ್ನು ನಕಲು ಮಾಡುತ್ತಿದ್ದರು. ಸುಮಾರು 300ನೇ ಇಸವಿಯ, ಈಗ ಸ್ಟಾಕ್‌ಹೋಮ್ ಪಪೈರಸ್ ಅಂತ ಕರೆಯುವ ಬರಹದಲ್ಲಿ ಅಗ್ಗದ ನೇರಳೆ ಮಾಡುವ ವಿಧಾನಗಳಿವೆ. ನಾನು ಉಣ್ಣೆಗೆ ಮಾಡುವುದು ಹೀಗೆ: ಮೊದಲು ನೀಲಿ ತೊಟ್ಟಿಯಲ್ಲಿ ಅದ್ದಿ ನಡು ನೀಲಿಗೆ ತರುತ್ತೇನೆ. ಚೆನ್ನಾಗಿ ಒಣಗಿದ ಮೇಲೆ ಪಟಿಕದ ನೀರಲ್ಲಿ ನೆನೆಸಿ, ಮಂಜಿಷ್ಠದ ಬೇರು ಹಾಕಿದ ನೀರಿನಲ್ಲಿ ಕುದಿಬರದ ಹಾಗೆ ಸಣ್ಣ ಉರಿಯಲ್ಲಿ ಇಡುತ್ತೇನೆ. ಕೆಂಪು ನೀಲಿಯ ಮೇಲೆ ಕೂತು ಕಪ್ಪುಗೆಂಪು ನೇರಳೆ ಬರುತ್ತದೆ. ಅಷ್ಟು ಸಮಯ ಇಲ್ಲದಿದ್ದರೆ ಕಪ್ಪಿನ ಕಡೆ ವಾಲಿದ ಗಾಢ ಕೆನ್ನೇರಳೆ ಬಟ್ಟೆ ಕೊಳ್ಳಿ. ಕತ್ತರಿಸುವ ಮುಂಚೆ ರಂಗದ ದೀಪದ ಕೆಳಗೆ ಹಿಡಿದು ನೋಡಿ, ಯಾಕಂದರೆ ನೀಲಿ ದೀಪ ಬಿದ್ದರೆ ಅದು ಪೂರ್ತಿ ಕಪ್ಪಾಗಿ ಕಾಣುತ್ತದೆ. ಪಟ್ಟಿ ಒಳಂಗಿಯ ಮೇಲೆ ಹೊದೆಯುವ ಟೋಗಾದ ಅಡಿಯಲ್ಲಿ ಮುಚ್ಚಿಹೋಗದ ಹಾಗೆ ಎದೆಯ ಹತ್ತಿರ ಮಡಿಕೆಯನ್ನು ಸ್ವಲ್ಪ ಸಡಿಲ ಬಿಡಿ.